ಮಗಳಿಗೊಂದು ಪತ್ರ: ಹಬ್ಬದ ಹೇಜಲ್‌ನಟ್ ಚಾಕೊಲೇಟಿಗೆ ನೀರು ಸೋಕಬಾರದು

ಚಿಕ್ಕಮಗಳೂರು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದ.

ದೀಪಾವಳಿಗೆ ಹಾಸನದಲ್ಲಿ ಅಕ್ಕಪಕ್ಕದ ಮನೆಗಳಿಗೆ ಹಂಚೋಕೆ ಹೇಜಲ್‌ನಟ್ ಚಾಕೊಲೇಟ್ ಮಾಡಬೇಕು, ಅಳತೆ ಸಮೇತ ಬರೆದು ಕಳಿಸು ಅಂದಿದ್ದೆ. ಇದು ಕಣ್ಣಳತೆಯಲ್ಲಿ ಆಗುವ ಕೆಲಸ ಅಲ್ಲ, ಆದ್ದರಿಂದ ಎಲ್ಲವನ್ನೂ ಗ್ರಾಂ ಲೆಕ್ಕದಲ್ಲೇ ಬರೆದಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ತಿಂಡಿ ಕೆಡುವುದು ಬಹುಪಾಲು ನೀರಿನಿಂದಲೇ. ಒದ್ದೆ ಚಮಚ, ಒರೆಸದ ಮಿಕ್ಸಿ ಜಾರ್, ಪಾತ್ರೆಯಿಂದ ಏಳುವ ಹಬೆ, ಫ್ರಿಜ್ಜಿನಿಂದ ತೆಗೆದಾಗ ಕೂರುವ ಹನಿ, ನಮ್ಮ ಮಲೆನಾಡಿನ ತೇವದ ಗಾಳಿ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಇವನ್ನು ದೂರ ಇಟ್ಟರೆ ಮುಕ್ಕಾಲು ಕೆಲಸ ಆದ ಹಾಗೆ.

ಅದಕ್ಕೇ ಕೆನೆ ಹಾಕಿದ ಟ್ರಫಲ್ ಬೇಡ ಅನ್ನುತ್ತೇನೆ. ತಿನ್ನೋಕೆ ರುಚಿ, ನಿಜ. ಆದರೆ ಕೆನೆಯಲ್ಲಿ ನೀರಿನ ಅಂಶ ಇರುವುದರಿಂದ ಹೊರಗಿಟ್ಟರೆ ಬೇಗ ಕೆಡುತ್ತದೆ, ಫ್ರಿಜ್ಜಿನಲ್ಲಿಟ್ಟರೂ ನಾಲ್ಕೈದು ದಿನಕ್ಕಿಂತ ಹೆಚ್ಚು ಇಡಬಾರದು. ಹಂಚಿದ ಡಬ್ಬಿ ಯಾರ ಮನೆಯಲ್ಲಿ ಎಷ್ಟು ದಿನ ಕೂರುತ್ತದೋ ಯಾರಿಗೆ ಗೊತ್ತು? ನೀನು ಮಾಡಬೇಕಾದ್ದು ಜಾಂಡೂಯಾ. ಹುರಿದ ಹೇಜಲ್‌ನಟ್, ಸಕ್ಕರೆ, ಚಾಕೊಲೇಟ್ ಮೂರನ್ನೂ ನುಣ್ಣಗೆ ಒಂದು ಮಾಡಿದ್ದು, ನೀರಿನ ಸೋಂಕೇ ಇಲ್ಲದ್ದು. ಇಟಲಿಯ ಟ್ಯೂರಿನ್ ಊರಿನದು ಈ ಪಾಕ. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ಜೊತೆ ವ್ಯಾಪಾರ ನಿಲ್ಲಿಸಿದ ಮೇಲೆ ಅಲ್ಲಿ ಕೋಕೋ ತುಟ್ಟಿಯಾಯಿತು, ಆ ಸೀಮೆಯಲ್ಲೇ ಬೆಳೆಯುವ ಹೇಜಲ್‌ನಟ್ಟನ್ನು ಅರೆದು ಸೇರಿಸೋದು ಬಳಕೆಗೆ ಬಂತು ಅನ್ನುತ್ತಾರೆ. ಹಾಗಾಗಿ ಇದರಲ್ಲಿ ಬೀಜ ಅಲಂಕಾರಕ್ಕಲ್ಲ, ಹೆಚ್ಚುಕಡಿಮೆ ಚಾಕೊಲೇಟಿನಷ್ಟೇ ಅದೂ ಇರುತ್ತದೆ. ಡಬ್ಬಿಯಲ್ಲಿ ಬರುವ ಬ್ರೆಡ್ಡಿಗೆ ಸವರುವ ಚಾಕೊಲೇಟ್ ತಂದು ಉಂಡೆ ಕಟ್ಟುವ ಯೋಚನೆ ಇದ್ದರೆ ಬಿಟ್ಟುಬಿಡು. ಅದರಲ್ಲಿ ಸಕ್ಕರೆ ಮತ್ತು ತಾಳೆ ಎಣ್ಣೆಯೇ ಹೆಚ್ಚು, ಗಟ್ಟಿಯಾಗಿ ಕೂರುವುದಿಲ್ಲ.

ಸುಮಾರು 50 ಉಂಡೆಗೆ ಬೇಕಾಗುವುದು ಇಷ್ಟು: ಹಸಿ ಹೇಜಲ್‌ನಟ್ 500 ಗ್ರಾಂ, ಸಕ್ಕರೆ 150 ಗ್ರಾಂ, ಒಳಗಿನ ಹೂರಣಕ್ಕೆ ಮಿಲ್ಕ್ ಚಾಕೊಲೇಟ್ 250 ಗ್ರಾಂ, ಹೊರಗೆ ಅದ್ದೋಕೆ ಡಾರ್ಕ್ ಚಾಕೊಲೇಟ್ 500 ಗ್ರಾಂ, ಉಪ್ಪು ಕಾಲು ಚಮಚ. ಅದ್ದೋಕೆ ನಿಜವಾಗಿ ಖರ್ಚಾಗುವುದು 300 ಗ್ರಾಂ ಇರಬಹುದು. ಆದರೆ ಬಟ್ಟಲಿನಲ್ಲಿ ಆಳ ಇರದಿದ್ದರೆ ಉಂಡೆ ಮುಳುಗುವುದಿಲ್ಲ.

ಕೋಕೋ ನಮಗೆ ದೂರದ್ದೇನಲ್ಲ. ಘಟ್ಟದ ಕೆಳಗೆ ಅಡಿಕೆ ತೋಟಗಳ ನಡುವೆ ಬೆಳೆಯುತ್ತಾರೆ, ಪುತ್ತೂರಿನಲ್ಲಿ ಕ್ಯಾಂಪ್ಕೋದವರ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಹೇಜಲ್‌ನಟ್ ಮಾತ್ರ ಹೊರದೇಶದ್ದು. ಜಗತ್ತಿನ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಟರ್ಕಿಯದು, ಅಲ್ಲಿ ಕಪ್ಪು ಸಮುದ್ರದ ದಂಡೆಯಲ್ಲಿ ಆಗಸ್ಟಿನ ಹೊತ್ತಿಗೆ ಕೊಯ್ಲು. ಹಬ್ಬದ ಮುಂಚೆ ನಮ್ಮ ಡ್ರೈಫ್ರೂಟ್ಸ್ ಅಂಗಡಿಯಲ್ಲಿ ಸಿಗುವುದು ಹೋದ ವರ್ಷದ ಮಾಲೂ ಇರಬಹುದು. ಒಂದು ಬೀಜ ಕಡಿದು ನೋಡಿಯೇ ತಗೋ. ಹಳೇ ಎಣ್ಣೆಯ ವಾಸನೆ, ನಾಲಿಗೆಯ ಹಿಂದೆ ಕಹಿ ಅಥವಾ ಮುಗ್ಗಲು ಬಂದರೆ ಬೇಡ. ಹುರಿದರೂ ಆ ವಾಸನೆ ಹೋಗುವುದಿಲ್ಲ, ಮುಗ್ಗಲು ಹಿಡಿದ ಬೀಜ ಆರೋಗ್ಯಕ್ಕೂ ಕೆಟ್ಟದ್ದು.

ಚಾಕೊಲೇಟ್ ಕೊಳ್ಳುವಾಗ ಹಿಂಬದಿಯ ಚೀಟಿ ಓದು. ಕೊಬ್ಬು ಅಂತ ಬರೀ ಕೋಕೋ ಬಟರ್ ಇದ್ದರೆ (ಮಿಲ್ಕ್ ಚಾಕೊಲೇಟಿನಲ್ಲಿ ಹಾಲಿನ ಕೊಬ್ಬೂ ಇರುತ್ತದೆ) ಅದು ಅಸಲು. ವನಸ್ಪತಿ ಕೊಬ್ಬು, ಪಾಮ್ ಕರ್ನಲ್ ಎಣ್ಣೆ ಅಂತಿದ್ದರೆ ಕಾಂಪೌಂಡ್. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಅಗ್ಗದ ಸ್ಲ್ಯಾಬುಗಳು ಹೆಚ್ಚಾಗಿ ಕಾಂಪೌಂಡೇ. ಅದನ್ನೇನೂ ಹಳಿಯಬೇಕಿಲ್ಲ. ಬರೀ ಕರಗಿಸಿ ಅದ್ದಿದರೆ ಸಾಕು, ಯುಗಾದಿಯ ಸೆಕೆಯಲ್ಲೂ ನಿಲ್ಲುತ್ತದೆ. ಆದರೆ ಬಾಯಲ್ಲಿ ಅಂಗುಳಕ್ಕೆ ಅಂಟುತ್ತದೆ. ದೀಪಾವಳಿ, ಕ್ರಿಸ್‌ಮಸ್ಸಿನ ಚಳಿಗೆ ಅಸಲು ಚಾಕೊಲೇಟೇ ಸರಿ. ಎರಡನ್ನೂ ಬೆರೆಸಿ ಮಾತ್ರ ಕರಗಿಸಬೇಡ. ಆ ಎರಡು ಕೊಬ್ಬಿಗೂ ಹೊಂದಿಕೆ ಇಲ್ಲ, ಮೆತ್ತಗೇ ಉಳಿದು ಕೆಲವು ದಿನಕ್ಕೇ ಮೇಲೆ ಬೂದು ಬಣ್ಣ ಬರುತ್ತದೆ.

ಒಂದು ಡಿಜಿಟಲ್ ತಕ್ಕಡಿ, ಮೊನೆ ಚುಚ್ಚುವಂಥ ಒಂದು ಥರ್ಮಾಮೀಟರ್ ಬೇಕೇಬೇಕು. ಥರ್ಮಾಮೀಟರನ್ನು ಕುದಿಯುವ ನೀರಲ್ಲಿ ಪರೀಕ್ಷಿಸಿದಾಗ 100 ತೋರಿಸಲಿಲ್ಲ ಅಂತ ಅಂಗಡಿಗೆ ವಾಪಸ್ ಕೊಡಬೇಡ ಮತ್ತೆ. ಹಾಸನವೂ ಚಿಕ್ಕಮಗಳೂರೂ ಸಮುದ್ರಮಟ್ಟಕ್ಕಿಂತ ಸುಮಾರು ಒಂದು ಸಾವಿರ ಮೀಟರ್ ಎತ್ತರದಲ್ಲಿವೆ, ಇಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಪುಸ್ತಕದಲ್ಲಿ ಕೊಟ್ಟ ಸಕ್ಕರೆ ಪಾಕದ ಡಿಗ್ರಿಯಿಂದಲೂ ಮೂರು ಕಳೆದುಕೋ, ಇಲ್ಲದಿದ್ದರೆ ಪಾಕ ಗಟ್ಟಿಯಾಗುತ್ತದೆ. ಚಾಕೊಲೇಟ್ ಕರಗಿಸುವ ಡಿಗ್ರಿಗೆ ಎತ್ತರದ ಲೆಕ್ಕ ಇಲ್ಲ.

ಈಗ ಹುರಿಯುವುದು. ಓವನ್ ಇದ್ದರೆ 150 ಡಿಗ್ರಿಯಲ್ಲಿ ಒಂದೇ ಪದರವಾಗಿ ಹರಡಿ 12ರಿಂದ 15 ನಿಮಿಷ, ನಡುವೆ ಒಮ್ಮೆ ಅಲ್ಲಾಡಿಸು. ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ತೀರಾ ಸಣ್ಣ ಉರಿಯಲ್ಲಿ 15–18 ನಿಮಿಷ ಕೈಬಿಡದೆ ಕೆದಕು. ಸಿಪ್ಪೆಯ ಬಣ್ಣ ನಂಬಬೇಡ, ಒಂದನ್ನು ಸೀಳಿ ನೋಡು. ನಡುಭಾಗ ತಿಳಿ ಹೊಂಬಣ್ಣಕ್ಕೆ ಬಂದಿರಬೇಕು. ಬಂದ ಕೂಡಲೇ ಅಗಲ ತಟ್ಟೆಗೆ ಸುರಿ. ಕಾಫಿ ಬೀಜ ಹುರಿದ ಹಾಗೇ ಕಣೇ, ಒಲೆ ಆರಿಸಿದರೂ ಒಳಗಿನ ಬಿಸಿಗೆ ಹುರಿಯುತ್ತಲೇ ಇರುತ್ತದೆ, ಇನ್ನೊಂದು ನಿಮಿಷ ಅಂತ ಕಾದರೆ ಕಹಿ. ಸ್ವಲ್ಪ ಬಿಸಿ ಇರುವಾಗಲೇ ಒರಟು ಟವೆಲ್ಲಿನಲ್ಲಿ ಕಟ್ಟಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಅಲ್ಲೊಂದು ಇಲ್ಲೊಂದು ಚೂರು ಉಳಿದರೆ ಪರವಾಗಿಲ್ಲ. ಅಡಿಗೆ ಸೋಡಾ ಹಾಕಿದ ನೀರಲ್ಲಿ ಕುದಿಸಿದರೆ ಸಿಪ್ಪೆ ಪೂರ್ತಿ ಹೋಗುತ್ತದೆ ನಿಜ, ಆದರೆ ಬೀಜ ನೀರು ಕುಡಿದಿರುತ್ತದೆ, ಮತ್ತೆ ಒಣಗಿಸುವ ಕಷ್ಟ ನಿನಗೇ. ಹುರಿದದ್ದರಲ್ಲಿ 50 ಒಳ್ಳೆ ಬೀಜ ಇಡಿಯಾಗಿ ಎತ್ತಿಡು, 60 ಗ್ರಾಂ ಸಣ್ಣಗೆ ಹೆಚ್ಚಿಡು, 250 ಗ್ರಾಂ ಅರೆಯೋಕೆ. ಉಳಿದದ್ದು ಮಕ್ಕಳ ಪಾಲು.

ಅರೆಯೋಕೆ ಚಟ್ನಿ ಜಾರ್ ಸಾಕು. ತೊಳೆದು ಒಣಗಿಸಿದ್ದು ಸಾಲದು, ಬ್ಲೇಡಿನ ಬುಡದಲ್ಲಿ ನೀರು ಅಡಗಿರುತ್ತದೆ, ಹಿಂದಿನ ದಿನವೇ ತೊಳೆದು ಬಿಸಿಲಿಗಿಡು. ಸಕ್ಕರೆಯನ್ನು ಬೇರೆಯಾಗಿ ಬೂದಿಯಷ್ಟು ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿ. ಆಮೇಲೆ ಪೂರ್ತಿ ಆರಿದ ಬೀಜ ಹಾಕಿ ಅರ್ಧ ನಿಮಿಷ ತಿರುಗಿಸು, ಒಂದೆರಡು ನಿಮಿಷ ಬಿಡು, ಮತ್ತೆ ತಿರುಗಿಸು. ಮೊದಲು ಪುಡಿ, ಆಮೇಲೆ ಉಂಡೆಯುಂಡೆ, ಆಮೇಲೆ ಗೋಡೆಗೆ ಅಂಟಿ ಮುಂದಕ್ಕೇ ಹೋಗದ ಹಾಗೆ ಕಾಣುತ್ತದೆ. ಬಹಳ ಜನ ಇಲ್ಲೇ ಹೆದರಿ ಒಂದು ಚಮಚ ಹಾಲೋ ನೀರೋ ಹಾಕಿ ಕೆಡಿಸುವುದು. ಏನೂ ಹಾಕಬೇಡ, ಗೋಡೆ ಕೆರೆದು ತಿರುಗಿಸುತ್ತಾ ಹೋಗು. ಬೀಜದಲ್ಲಿ ನೂರಕ್ಕೆ ಅರವತ್ತರಷ್ಟು ಎಣ್ಣೆಯೇ ಇದೆ, ಅದು ಬಿಟ್ಟ ಕೂಡಲೇ ಹರಿಯುವ ಹಾಗಾಗುತ್ತದೆ. ಹತ್ತು ನಿಮಿಷದ ಅರೆತ ಬೇಕಾಗಬಹುದು, ವಿಶ್ರಾಂತಿಯ ಹೊತ್ತು ಅದರ ಮೇಲೆ. ಆಗ ಸಕ್ಕರೆ ಪುಡಿ, ಉಪ್ಪು ಹಾಕಿ ಇನ್ನೊಂದೆರಡು ಸುತ್ತು. ತೀರಾ ಬಿಗಿಯಾದರೆ ಒಂದು ಚಮಚ ಸೂರ್ಯಕಾಂತಿ ಎಣ್ಣೆ ಹಾಕಬಹುದು. ಕೊಬ್ಬರಿ ಎಣ್ಣೆ ಬೇಡ, ಅದು ಕೋಕೋ ಬಟರನ್ನು ಮೆತ್ತಗೆ ಮಾಡಿಬಿಡುತ್ತದೆ.

ಸಕ್ಕರೆಯನ್ನು ಬಾಣಲೆಯಲ್ಲಿ ಒಣದಾಗಿಯೇ ಕರಗಿಸಿ, ಜೇನು ಬಣ್ಣಕ್ಕೆ ಬಂದಾಗ ತಟ್ಟೆಗೆ ಸುರಿದು, ಗಟ್ಟಿಯಾದ ಮೇಲೆ ಕುಟ್ಟಿ ಬೀಜದ ಜೊತೆ ಅರೆದರೆ ರುಚಿ ಇನ್ನೂ ಮೇಲು. ಆದರೆ ಅದು ಗಾಳಿಯ ತೇವ ಹೀರಿ ಬೇಗ ಅಂಟಂಟಾಗುತ್ತದೆ. ಬಿಸಿಲಿರುವ ದಿನ ಮಾಡು, ಗೌರಿ ಗಣೇಶ ಹಬ್ಬದ ಮಳೆಯಲ್ಲಿ ಬೇಡ.

ಮಿಲ್ಕ್ ಚಾಕೊಲೇಟ್ 250 ಗ್ರಾಂ ಕರಗಿಸಿ ಈ ಹೂರಣಕ್ಕೆ ಬೆರೆಸು. ಕರಗಿಸುವಾಗ ಕೆಳಗಿನ ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಸಿ, ಒಲೆ ಆರಿಸಿ, ಮೇಲೆ ಬಟ್ಟಲಿಡು. ಬಟ್ಟಲು ನೀರಿಗೆ ತಾಗಬಾರದು, ಹಬೆ ಒಳಕ್ಕೆ ನುಗ್ಗದಷ್ಟು ಅಗಲ ಇರಬೇಕು. ನಾಲ್ಕು ಹನಿ ನೀರು ಬಿದ್ದರೂ ಒಳಗಿನ ಸಕ್ಕರೆ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ ಇಡೀ ಚಾಕೊಲೇಟ್ ಮುದ್ದೆ ಕಟ್ಟುತ್ತದೆ. ಹಾಗಾದದ್ದು ಅದ್ದೋಕೆ ಮತ್ತೆ ಬರುವುದಿಲ್ಲ. ಬಿಸಿ ಹಾಲು ಸೇರಿಸಿ ಸಾಸ್ ಮಾಡಿಕೊಂಡು ಐಸ್‌ಕ್ರೀಮಿಗೆ ಸುರಿದುಕೊಳ್ಳಬಹುದು ಅಷ್ಟೆ. ಬೆರೆಸಿದ ಹೂರಣವನ್ನು ಕೈಯಾಡಿಸುತ್ತಲೇ ತಣಿಸು, ಚಮಚದಲ್ಲಿ ಎತ್ತಿ ಬಿಟ್ಟರೆ ಗೆರೆ ಉಳಿಯುವಷ್ಟು ದಪ್ಪವಾದ ಮೇಲೆ ಮುಚ್ಚಿ ಒಂದು ಗಂಟೆ ಫ್ರಿಜ್ಜಿನಲ್ಲಿಡು. ಆಮೇಲೆ 12 ಗ್ರಾಮಿನಂತೆ ತೂಗಿ, ನಡುವೆ ಇಡೀ ಬೀಜ ಇಟ್ಟು ಉಂಡೆ ಕಟ್ಟು. ಅಂಗೈ ಬಿಸಿಗೆ ಕರಗುತ್ತಿದ್ದರೆ ತಣ್ಣೀರಲ್ಲಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಮುಂದುವರಿಸು.

ಕಷ್ಟದ ಭಾಗ ಇನ್ನು ಮುಂದೆ. ಕೋಕೋ ಬಟರ್ ಹೆಪ್ಪುಗಟ್ಟುವಾಗ ಆರು ಬಗೆಯ ಹರಳಾಗಿ ಕೂರಬಲ್ಲದು, ಅದರಲ್ಲಿ ನಮಗೆ ಬೇಕಾದ್ದು ಒಂದೇ ಬಗೆ. ಅದಾದರೆ ಹೊಳಪು, ಮುರಿದರೆ ಟಕ್ ಎನ್ನುವ ಸದ್ದು, ಕೈಗೆ ಅಂಟದೆ ಬಾಯಲ್ಲಿ ಕರಗುವ ಗುಣ. ಸುಮ್ಮನೆ ಕರಗಿಸಿ ಆರಲು ಬಿಟ್ಟರೆ ಬೇರೆ ಹರಳುಗಳು ಸೇರಿ ಮಂಕಾಗುತ್ತದೆ. ಆದ್ದರಿಂದ ಹೀಗೆ ಮಾಡು. ಡಾರ್ಕ್ ಚಾಕೊಲೇಟಿನಲ್ಲಿ 350 ಗ್ರಾಂ ಮಾತ್ರ 45–48 ಡಿಗ್ರಿಗೆ ಕರಗಿಸು. ಬಟ್ಟಲನ್ನು ಇಳಿಸಿ ತಳ ಒರೆಸು. ಉಳಿದ 150 ಗ್ರಾಮನ್ನು ಸಣ್ಣಗೆ ಹೆಚ್ಚಿ ಮೂರು ಸಲ ಹಾಕುತ್ತಾ ನಿಧಾನಕ್ಕೆ ಕೈಯಾಡಿಸು. ಕರಗದ ಚೂರುಗಳಲ್ಲಿರುವ ಒಳ್ಳೆಯ ಹರಳೇ ಮೊಸರಿನ ಹೆಪ್ಪಿನ ಕೆಲಸ ಮಾಡುವುದು. 31–32 ಡಿಗ್ರಿಗೆ ಇಳಿದಾಗ ಚಮಚದ ಬೆನ್ನಿಗೆ ಸವರಿ ನೋಡು. ತಂಪು ಕೋಣೆಯಲ್ಲಿ ಐದು ನಿಮಿಷಕ್ಕೆ ಗೆರೆಯಿಲ್ಲದೆ ಹೊಳಪಾಗಿ ಬಿಗಿದರೆ ಗೆದ್ದೆ. ಬಿಗಿಯದಿದ್ದರೆ ಇನ್ನೊಂದು ಹಿಡಿ ಚೂರು ಹಾಕು. ಕೆಲಸದ ನಡುವೆ 28ಕ್ಕಿಂತ ಕೆಳಗಿಳಿದರೆ ಬಿಸಿನೀರಿನ ಮೇಲೆ ಕೆಲವೇ ಸೆಕೆಂಡ್ ಹಿಡಿದು ಮತ್ತೆ 31ಕ್ಕೆ ತಾ. 34 ದಾಟಿತೋ, ಹರಳೆಲ್ಲ ಕರಗಿತು, ಮೊದಲಿನಿಂದ ಶುರು. ಹೊರಗೂ ಮಿಲ್ಕ್ ಚಾಕೊಲೇಟೇ ಬೇಕಾದರೆ ಕೊನೆಯ ಬಿಸಿ 29–30.

ಕೋಣೆ 20–22 ಡಿಗ್ರಿ ಇದ್ದರೆ ಚೆಂದ. ದೀಪಾವಳಿಯ ಹೊತ್ತಿಗೆ ಹಾಸನದ ಬೆಳಗಿನ ಜಾವ ಹೇಳಿಮಾಡಿಸಿದ್ದು. ಪಕ್ಕದಲ್ಲಿ ಅನ್ನ ಬೇಯೋಕೆ ಇಡಬೇಡ, ಕುಕ್ಕರಿನ ಹಬೆ ಸಾಕು ಕೆಡಿಸೋಕೆ. ಹೆಚ್ಚಿಟ್ಟ 60 ಗ್ರಾಂ ಬೀಜವನ್ನು ಚಾಕೊಲೇಟಿಗೆ ಬೆರೆಸಿ, ಎರಡು ಹಲ್ಲಿನ ಫೋರ್ಕಿನಲ್ಲಿ ಉಂಡೆ ಮುಳುಗಿಸಿ ಎತ್ತಿ, ಬಟ್ಟಲ ಅಂಚಿಗೆ ತಟ್ಟಿ ಬಟರ್ ಪೇಪರಿನ ಮೇಲೆ ಇಳಿಸು. ಉಂಡೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾಗಿರಬಾರದು. ತಣ್ಣಗಿದ್ದದ್ದು ಆಮೇಲೆ ಹಿಗ್ಗಿ ಹೊರಕವಚ ಬಿರಿಯುತ್ತದೆ, ಬಿರುಕಿನಲ್ಲಿ ಎಣ್ಣೆ ಜಿನುಗುತ್ತದೆ.

ನಾಲ್ಕು ದಿನದ ಮೇಲೆ ಬಿಳಿ ಮಚ್ಚೆ ಬಂದರೆ ಬೂಸ್ಟು ಅಂತ ಗಾಬರಿಯಾಗಬೇಡ, ಬೆರಳಲ್ಲಿ ಉಜ್ಜಿ ನೋಡು. ಜಿಡ್ಡಾಗಿ ಅಳಿಸಿ ಹೋದರೆ ಕೊಬ್ಬು ಮೇಲೆ ಬಂದಿದೆ, ಅಂದರೆ ಹದ ತಪ್ಪಿದೆ ಅಥವಾ ಡಬ್ಬಿ ಬಿಸಿಲಲ್ಲಿತ್ತು. ಒರಟೊರಟಾಗಿ ಉಳಿದರೆ ನೀರಿನ ಹನಿ ಕೂತು ಸಕ್ಕರೆ ಕರಗಿ ಒಣಗಿದ್ದು, ಅದು ಫ್ರಿಜ್ಜಿನ ಕೆಲಸ. ಎರಡನ್ನೂ ತಿನ್ನಬಹುದು, ಕೊಡೋಕೆ ಮಾತ್ರ ಚೆನ್ನಾಗಿರುವುದಿಲ್ಲ. ಫ್ರಿಜ್ಜಿನಲ್ಲಿ ಇಡಲೇಬೇಕಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡು, ತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡ. ಹೊರಗೆ ತಂಪು ಜಾಗದಲ್ಲಿ ಮೂರು ವಾರ ಧಾರಾಳವಾಗಿ ಇರುತ್ತದೆ. ದೇವರ ಮನೆಯಲ್ಲೋ ಮಸಾಲೆ ಕಪಾಟಿನಲ್ಲೋ ಇಡಬೇಡ. ಚಾಕೊಲೇಟ್ ವಾಸನೆ ಹೀರುತ್ತದೆ, ಕರ್ಪೂರ ಊದುಬತ್ತಿಯ ಘಮ ಉಂಡೆಗೆ ಬಂದರೆ ಯಾರೂ ತಿನ್ನರು.

ಕಾಫಿ ರುಚಿ ಬೇಕೆಂದರೆ ಡಿಕಾಕ್ಷನ್ ಸುರಿಯುವ ಹಾಗಿಲ್ಲ, ಅದೂ ನೀರೇ ತಾನೆ. ಹೂರಣಕ್ಕೆ ಎರಡು ಚಮಚ ಇನ್‌ಸ್ಟಂಟ್ ಕಾಫಿ ಪುಡಿಯನ್ನು ನುಣ್ಣಗೆ ಮಾಡಿ ಹಾಕು. ಫಿಲ್ಟರ್ ಪುಡಿ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಏಲಕ್ಕಿ ಹೊಂದುತ್ತದೆ, ಮಿತವಾಗಿ. ಕಾಳುಮೆಣಸು ನನ್ನ ಮಟ್ಟಿಗೆ ಇದಕ್ಕೆ ಸಲ್ಲ.

ನಿಮ್ಮತ್ತೆಯವರಿಗೆ ಚಾಕೊಲೇಟಿಗಿಂತ ಬರ್ಫಿ ಇಷ್ಟವಾದರೆ ಇದನ್ನೂ ಮಾಡು. ಹುರಿದ ಹೇಜಲ್‌ನಟ್ 200 ಗ್ರಾಂ, ಹಾಲಿನ ಪುಡಿ 100 ಗ್ರಾಂ ಜೊತೆಗೇ ಹಾಕಿ ಬಿಟ್ಟು ಬಿಟ್ಟು ಪುಡಿ ಮಾಡು, ಇಲ್ಲದಿದ್ದರೆ ಎಣ್ಣೆ ಬಿಡುತ್ತದೆ. 20 ಗ್ರಾಂ ಕೋಕೋ ಪುಡಿ ಜರಡಿ ಹಿಡಿದು ಸೇರಿಸು. ಸಕ್ಕರೆ 200 ಗ್ರಾಂ, ನೀರು 100 ಮಿಲಿ ಒಂದೆಳೆ ಪಾಕ ಮಾಡಿ, ಪುಡಿ ಹಾಕಿ, 50 ಗ್ರಾಂ ತುಪ್ಪ ಬಿಡುತ್ತಾ ತಳ ಬಿಡುವವರೆಗೆ ಮಗುಚಿ ತಟ್ಟೆಗೆ ಹರಡು. ಇದರಲ್ಲಿ ನೀರಿನ ಪಾಕ ಇರುವುದರಿಂದ ಐದು ದಿನದೊಳಗೆ ಮುಗಿಸು, ಚಾಕೊಲೇಟಿನ ಡಬ್ಬಿಯಲ್ಲಿ ಒಟ್ಟಿಗೆ ಇಡಬೇಡ.

ಕೊಡುವ ಪ್ರತಿ ಡಬ್ಬಿಯ ಮೇಲೂ ಹೇಜಲ್‌ನಟ್ ಇದೆ, ಹಾಲಿದೆ ಅಂತ ಚೀಟಿ ಅಂಟಿಸು. ಬೀಜಗಳ ಅಲರ್ಜಿ ಕೆಲವರಿಗೆ ಪ್ರಾಣಕ್ಕೇ ಕುತ್ತು. ಮಾಡಿದ ತಾರೀಖನ್ನೂ ಬರಿ. ಬಟ್ಟಲಲ್ಲಿ ಉಳಿದ ಚಾಕೊಲೇಟಿಗೆ ಗರಿಗರಿ ಮಂಡಕ್ಕಿ ಬೆರೆಸಿ ಚಮಚ ಚಮಚವಾಗಿ ಪೇಪರಿನ ಮೇಲೆ ಹಾಕಿದರೆ ಅದೂ ಒಂದು ತಿಂಡಿ. ಮಂಡಕ್ಕಿಯನ್ನು ಮೊದಲು ಬೆಚ್ಚಗೆ ಹುರಿದು, ಪೂರ್ತಿ ಆರಿಸಿಕೊಂಡಿರು.

ಇಂತಿ,
ಅಮ್ಮ