ದಾಸವಾಳಕ್ಕೆ ಬರುವುದು ಹಮ್ಮಿಂಗ್‌ಬರ್ಡ್ ಅಲ್ಲ, ಸೂರಕ್ಕಿ

ಮಾನ್ಯರೇ,

ಬೇಸಿಗೆ ಬಂತೆಂದರೆ ತುಮಕೂರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ನಮ್ಮನೆ ದಾಸವಾಳಕ್ಕೆ ಹಮ್ಮಿಂಗ್‌ಬರ್ಡ್ ವಲಸೆ ಬಂದಿದೆ’ ಎಂಬ ಫೋಟೊಗಳು ಓಡಾಡುತ್ತವೆ. ಹಮ್ಮಿಂಗ್‌ಬರ್ಡ್‌ಗಳಲ್ಲಿ 350ಕ್ಕೂ ಹೆಚ್ಚು ಪ್ರಭೇದಗಳಿದ್ದರೂ ಎಲ್ಲವೂ ಅಮೆರಿಕ ಖಂಡಗಳವೇ. ಅವುಗಳ ವಲಸೆ ನಡೆಯುವುದೂ ಅಲ್ಲೇ. 3 ಗ್ರಾಂ ತೂಗುವ ಕೆಂಪು ಕೊರಳಿನ ಹಮ್ಮಿಂಗ್‌ಬರ್ಡ್ ಮೈಯಲ್ಲಿ ಕೊಬ್ಬು ತುಂಬಿಕೊಂಡು, ಹೆಚ್ಚುಕಡಿಮೆ ಇಮ್ಮಡಿ ತೂಕವಾಗಿ, ಮೆಕ್ಸಿಕೊ ಕೊಲ್ಲಿಯ ಸುಮಾರು 800 ಕಿ.ಮೀ. ನೀರನ್ನು ಎಲ್ಲೂ ಇಳಿಯದೆ ದಾಟುತ್ತದೆ. ಆಂಡಿಸ್ ಬೆಟ್ಟಗಳ ಎಷ್ಟೋ ಪ್ರಭೇದಗಳು ಅಷ್ಟು ದೂರ ಹೋಗುವುದಿಲ್ಲ. ಹೂ ಬಿಟ್ಟ ಕಡೆಗೆ ಬೆಟ್ಟ ಹತ್ತಿ ಇಳಿಯುತ್ತವೆ.

ನಮ್ಮದು ಸೂರಕ್ಕಿ. ಕೊಕ್ಕು ಉದ್ದ, ಮೈ ಮಿನುಗು, ಕುಡಿಯುವುದು ಮಕರಂದ; ಹೋಲಿಕೆ ಅಷ್ಟಕ್ಕೇ ಮುಗಿಯಿತು. ಸೂರಕ್ಕಿ ಗುಬ್ಬಿ, ಕಾಗೆಗಳ ಗಣದ್ದು. ಗಾಳಿಯಲ್ಲಿ ಒಂದು ಕ್ಷಣ ನಿಂತರೂ ಸಾಮಾನ್ಯವಾಗಿ ಕಡ್ಡಿ ಹಿಡಿದು ಕೂತೇ ಹೀರುತ್ತದೆ. ದಾಸವಾಳ ಹೂವಿನ ಬುಡಕ್ಕೆ ಕೊಕ್ಕಿನಿಂದ ತೂತು ಕೊರೆದು ಮಕರಂದ ಕದಿಯುವುದೂ ಉಂಟು. (ಮುಸ್ಸಂಜೆ ಗುಂಯ್‌ಗುಡುತ್ತ ಹೂವಿನೆದುರು ನಿಲ್ಲುವ, ತಲೆಯ ಮೇಲೆ ಮೀಸೆಯಿರುವ ಜೀವಿ ಹಕ್ಕಿಯೇ ಅಲ್ಲ, ಪತಂಗ.)

ವಲಸೆಯ ತಪ್ಪು ಕಲ್ಪನೆಗೆ ಇನ್ನೊಂದು ಕಾರಣವಿದೆ. ನೇರಳೆ ಸೂರಕ್ಕಿಯ ಗಂಡು ಮರಿ ಮಾಡುವ ಕಾಲದಲ್ಲಿ ಹೊಳೆಯುವ ಕಪ್ಪು-ನೇರಳೆ. ಆಮೇಲೆ ಗರಿ ಉದುರಿ ಹೆಣ್ಣಿನಂತೆ ಮಂಕು ಹಳದಿಯಾಗುತ್ತದೆ. ಗಂಟಲಿನಿಂದ ಹೊಟ್ಟೆಗೆ ಎಳೆದ ಒಂದು ಕಪ್ಪು ಗೆರೆಯಷ್ಟೇ ಉಳಿಯುತ್ತದೆ. ‘ಕಪ್ಪು ಹಕ್ಕಿ ಹೋಯಿತು, ಹಳದಿ ಹಕ್ಕಿ ಬಂತು’ ಎನ್ನುವವರು ನೋಡುತ್ತಿರುವುದು ಅದೇ ಹಕ್ಕಿಯನ್ನು.

ಹಕ್ಕಿಗಳಿಗೆ ಸಕ್ಕರೆ ನೀರಿಡಲು ಆನ್‌ಲೈನ್‌ನಲ್ಲಿ ತರಿಸುವ ಕೆಂಪು ಪ್ಲಾಸ್ಟಿಕ್ ಬಾಟಲಿಗಳ ವಿಷಯ. ಕೂರಲು ಕಡ್ಡಿಯಿಲ್ಲದ ಬಾಟಲಿ ಸೂರಕ್ಕಿಗೆ ಒಗ್ಗದು. ಇಡಲೇಬೇಕೆಂದರೆ ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು. ಬಣ್ಣ, ಜೇನು, ಬೆಲ್ಲ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೇಗ ಹುಳಿ ಬಂದು ಬೂಸ್ಟು ಹಿಡಿಯುತ್ತದೆ. ದಿನವೂ ಚೆಲ್ಲಿ, ಬಿಸಿನೀರಲ್ಲಿ ಉಜ್ಜಿ ತೊಳೆಯಲಾಗದವರು ಇಡದಿರುವುದೇ ಮೇಲು. ಅಷ್ಟಕ್ಕೂ ಮರಿಗಳು ಬೆಳೆಯುವುದು ಸಣ್ಣ ಹುಳ, ಜೇಡಗಳನ್ನು ತಿಂದು. ಸಕ್ಕರೆ ನೀರಿಟ್ಟು ಗಿಡಕ್ಕೆ ಕೀಟನಾಶಕ ಹೊಡೆದರೆ ಏನು ಬಂತು? ದಾಳಿಂಬೆ, ಕೇಪಳ, ಬಾಳೆ ಹೂ ಸಾಕು. ಮಾವಿನ ಕೊಂಬೆಗೆ ಅಂಟಿ ಬೆಳೆಯುವ ಪರಾವಲಂಬಿ ಗಿಡ ಬದನಿಕೆಯನ್ನು ರೈತರು ಕಡಿಯುವುದು ಸರಿಯೇ, ಆದರೆ ಬೇಲಿಮರದಲ್ಲಿ ಒಂದೆರಡು ಉಳಿದರೆ ಸೂರಕ್ಕಿಗೆ ಹಬ್ಬ.

ಗೂಡಿನ ಮಾತು ಮುಖ್ಯ. ಜೇಡರ ಬಲೆ, ನಾರು, ಒಣ ತೊಗಟೆ, ಕಂಬಳಿಹುಳದ ಹಿಕ್ಕೆ ಅಂಟಿಸಿ ಕಟ್ಟಿದ ಆ ಚೀಲ ತಂತಿಗೆ ಸಿಕ್ಕಿಕೊಂಡ ಕಸದಂತೆ ಕಾಣುವುದರಿಂದ ಪೊರಕೆಗೆ ಬಲಿಯಾಗುತ್ತದೆ. ಪಕ್ಕದಲ್ಲಿ ಬಾಗಿಲು, ಅದರ ಮೇಲೆ ಪುಟ್ಟ ಸೂರು ಕಂಡರೆ ಕೈ ಹಚ್ಚಬೇಡಿ, ಜಾಗ ಬದಲಿಸಲೂ ಬೇಡಿ. ಸಾಮಾನ್ಯವಾಗಿ ಎರಡು ಮೊಟ್ಟೆ. ಒಡೆಯಲು ಹದಿನೈದು ದಿನ, ಮರಿ ಹಾರಲು ಹೆಚ್ಚುಕಡಿಮೆ ಮತ್ತೆ ಅಷ್ಟೇ ದಿನ. ಅಲ್ಲಿಯವರೆಗೆ ಬಟ್ಟೆ ಒಣಹಾಕಲು ಬೇರೆ ತಂತಿ ಕಟ್ಟಿಕೊಳ್ಳಿ.

– ಪಕ್ಷಿವೀಕ್ಷಕರು, ತುಮಕೂರು