ಯಾವ ಬೆಟ್ಟದ ಮತ್ತಿ ಸೊಪ್ಪು?

ಮಾನ್ಯರೆ,

ಕಳೆದ ವಾರ ಕೃಷಿ ಪುಟದಲ್ಲಿ ಬಂದ, ಗೊಬ್ಬರಕ್ಕೆ ಹಾಕುವ ಮರದ ಸೊಪ್ಪುಗಳ ಪಟ್ಟಿ ನೋಡಿದೆ. ಮತ್ತಿಗೆ ಇಷ್ಟು ಸಾರಜನಕ, ಹೊಂಗೆಗೆ ಇಷ್ಟು, ಮುಗಿಯಿತು. ಯಾವ ಊರಿನ ಮತ್ತಿ, ಯಾವ ತಿಂಗಳ ಸೊಪ್ಪು ಅಂತ ಒಂದು ಮಾತಿಲ್ಲ.

ನನಗೆ ಸಿದ್ದಾಪುರದ ಕಡೆ ಒಂದೆಕರೆ ಅಡಿಕೆ ತೋಟ ಇದೆ. ಅದಕ್ಕೆ ಹಿರಿಯರ ಕಾಲದ ಸೊಪ್ಪಿನ ಬೆಟ್ಟವೂ ಇದೆ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿದುಕೊಳ್ಳುವ ಕಾಡು. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವ ನಾನು. ಆದರೆ ಎಲೆಯ ಬಗ್ಗೆ ನನಗೆ ಪಾಠ ಹೇಳಿದ್ದು ಕತ್ತಿ. ಮತ್ತಿ ಸೊಪ್ಪು ಕಡಿದು ಒರೆಸದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಕತ್ತಿಗೆ ಮಸಿ ಬಳಿದ ಹಾಗಿರುತ್ತದೆ. ಎಲೆಯ ಟ್ಯಾನಿನ್ ಅನ್ನುವ ಒಗರು ವಸ್ತು ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಅದು. ಅಳಲೆಕಾಯಿಯಿಂದ ಹಿಂದಿನವರು ಶಾಯಿ ಮಾಡುತ್ತಿದ್ದದ್ದೂ ಹೀಗೇ. ಬಿಸಿಲು ಬೀಳುವ ತುದಿ ಟೊಂಗೆ ಸವರಿದ ದಿನ ಕಪ್ಪು ಜಾಸ್ತಿ, ನೆರಳಿನ ಟೊಂಗೆಗೆ ಕಮ್ಮಿ. ಮರ ಒಂದೇ! ಬಿಸಿಲಿನ ಎಲೆ ಇಂಥ ವಸ್ತುಗಳನ್ನು ಹೆಚ್ಚು ಕೂಡಿಸಿಕೊಳ್ಳುತ್ತದೆ. ಅವು ಹೆಚ್ಚಿದ್ದಷ್ಟೂ ಗೊಬ್ಬರಗುಂಡಿಯಲ್ಲಿ ಸೊಪ್ಪು ಕೊಳೆಯುವುದು ನಿಧಾನ.

ಒಂದೇ ಮರದಲ್ಲಿ ಹೀಗಾದರೆ ಊರಿಂದೂರಿಗೆ ಕೇಳಬೇಕೆ? ಶಿರಸಿಯಲ್ಲಿ ವರ್ಷಕ್ಕೆ 2500 ಮಿ.ಮೀ. ಆಸುಪಾಸು ಮಳೆ. ಪಕ್ಕದ ಮುಂಡಗೋಡಿನಲ್ಲಿ ಹೆಚ್ಚುಕಮ್ಮಿ ಅದರ ಅರ್ಧ. ಜಾಸ್ತಿ ಮಳೆ ಮಣ್ಣಿನ ಸಾರ ತೊಳೆದುಕೊಂಡು ಹೋಗುತ್ತದೆ. ಉಳಿದ ರಂಜಕವನ್ನು ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಬೇರಿಗೆ ಸುಲಭಕ್ಕೆ ಬಿಡುವುದಿಲ್ಲ. 2004ರಲ್ಲಿ ಪೀಟರ್ ರೀಚ್ ಮತ್ತು ಯಾತ್ಸೆಕ್ ಒಲೆಕ್ಸಿನ್ ಅನ್ನುವ ವಿಜ್ಞಾನಿಗಳು ಜಗತ್ತಿನ 1280 ಜಾತಿಯ ಗಿಡಮರಗಳ ಎಲೆಯಲ್ಲಿನ ಸಾರಜನಕ, ರಂಜಕದ ಲೆಕ್ಕ ಒಟ್ಟು ಹಾಕಿದ್ದರು. ಸಮಭಾಜಕದ ಕಡೆ ಬಂದಂತೆ ಎಲೆಯಲ್ಲಿ ಸಾರಜನಕ, ರಂಜಕ ಎರಡೂ ಇಳಿಯುತ್ತವೆ, ರಂಜಕ ಇನ್ನೂ ಜಾಸ್ತಿ ಇಳಿಯುತ್ತದೆ ಅಂತ ಕಂಡಿತು.

ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಎಲೆ ಉದುರಿಸುವ ಮುಂಚೆ ಮರ ಅದರಲ್ಲಿನ ಸಾರಜನಕ, ರಂಜಕವನ್ನು ಸುಮಾರು ಅರ್ಧದಷ್ಟು ವಾಪಸ್ ಎಳೆದುಕೊಳ್ಳುತ್ತದೆ. ಹಸಿಸೊಪ್ಪು ಬೇರೆ, ದರಕು (ಉದುರಿದ ಒಣ ಎಲೆ) ಬೇರೆ ಅಂತ ನಮ್ಮ ಆಯಿ ಯಾವ ಪರೀಕ್ಷೆಯೂ ಇಲ್ಲದೆ ಹೇಳುತ್ತಿದ್ದಳು.

ಹೋದ ವರ್ಷ ಒಂದು ಪ್ರಯೋಗಾಲಯಕ್ಕೆ ಸೊಪ್ಪು ಒಯ್ದಿದ್ದೆ. ಫಾರಂನಲ್ಲಿ ಕೇಳಿದ್ದು ನನ್ನ ಹೆಸರು, ಫೋನ್ ನಂಬರು, ಮರದ ಹೆಸರು. "ಬೆಟ್ಟ ಎಲ್ಲಿದೆ, ಯಾವಾಗ ಕಡಿದಿದ್ದು ಅಂತ ಬರೆಯೋದು ಬೇಡ್ವಾ?" ಅಂದೆ. "ಮತ್ತಿ ಅಂದ್ರೆ ಮತ್ತಿ ಅಲ್ವಾ ಸಾರ್" ಅಂದರು. ನಾನೇ ಪೊಟ್ಟಣದ ಮೇಲೆ ಪೆನ್ನಿನಲ್ಲಿ ಬರೆದು ಬಂದೆ. ವರದಿಯಲ್ಲಿ ಅದು ಬರಲಿಲ್ಲ.

ಮುಂದಿನ ಸಲ ಪಟ್ಟಿ ಹಾಕುವಾಗ ಪಕ್ಕದಲ್ಲಿ ಊರು, ತಿಂಗಳು, ಎಲೆ ಎಳೆಯದೋ ಬಲಿತದ್ದೋ ಅನ್ನುವುದನ್ನೂ ಹಾಕಿ. ಜಾಗ ಸಾಲದಿದ್ದರೆ ನಾಲ್ಕು ಮರ ಬಿಟ್ಟರೂ ಅಡ್ಡಿಯಿಲ್ಲ.

– ನಿವೃತ್ತ ಉಪನ್ಯಾಸಕ, ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ