ನೆರಳು ಮರಗಳ ಲೆಕ್ಕ ಹಾಕುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ, ಆಲ್ದೂರು ಕಡೆಯ ಕಾಫಿ ತೋಟಗಳ ನೆರಳು ಮರಗಳ ಪಟ್ಟಿ ಬರ್ತಾ ಇದೆ, ತುಂಬಾ ಖುಷಿ. ಆದರೆ ಎಷ್ಟು ಜಾತಿ ಅಂತ ಎಣಿಸಿದರೆ ಮಾತ್ರ ಸಾಲದು. ಒಂದು ತೋಟದಲ್ಲಿ ಸಿಲ್ವರ್ ಓಕ್, ಹಲಸು, ಅತ್ತಿ, ನಂದಿ ತಲಾ 25 ಇವೆ, ಇನ್ನೊಂದರಲ್ಲಿ ಸಿಲ್ವರ್ ಓಕ್ ಒಂದೇ 97, ಉಳಿದ ಮೂರೂ ಒಂದೊಂದು ಅಂದುಕೊಳ್ಳಿ. ಎರಡರಲ್ಲೂ ನಾಲ್ಕೇ ಜಾತಿ, ಆದರೆ ತೋಟ ಒಂದೇ ಥರ ಅಲ್ಲ ಅಲ್ವಾ?

ಇದನ್ನು ಹಿಡಿಯೋಕೆ ಶಾನನ್ ಸೂಚ್ಯಂಕ ಬೇಕು, ಅಂದರೆ ಎಷ್ಟು ಜಾತಿ, ಯಾವುದು ಎಷ್ಟಿದೆ ಎರಡನ್ನೂ ಸೇರಿಸಿ ವೈವಿಧ್ಯ ಅಳೆಯುವ ಸಂಖ್ಯೆ. ಪ್ರತಿ ಜಾತಿಯ ಪಾಲನ್ನು (ಒಟ್ಟು ಮರಗಳಲ್ಲಿ ಅದರ ಭಾಗ, 100ರಲ್ಲಿ 25 ಇದ್ದರೆ 0.25) ಅದರದೇ ಲಾಗ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಮೈನಸ್ ಚಿಹ್ನೆ ತೆಗೆಯಿರಿ. ಮೊದಲ ತೋಟಕ್ಕೆ 1.39, ಎರಡನೆಯದಕ್ಕೆ ಬರೀ 0.17! ನ್ಯಾಚುರಲ್ ಲಾಗನ್ನೇ (ln) ಬಳಸಿ, ಒಬ್ಬರು 10ರ ಲಾಗ್ ಹಾಕಿದರೆ ಹೋಲಿಕೆಯೇ ಕೆಡುತ್ತದೆ.

ವೈವಿಧ್ಯ ಅಳೆಯುವ ಇನ್ನೊಂದು ಸಂಖ್ಯೆಯಾದ ಸಿಂಪ್ಸನ್ ಸೂಚ್ಯಂಕ ಕಳಿಸುವವರು ಯಾವ ರೂಪ ಅಂತ ಬರೆಯಲೇಬೇಕು. ಪಾಲುಗಳ ವರ್ಗಗಳ ಮೊತ್ತವೋ, 1ರಿಂದ ಅದನ್ನು ಕಳೆದದ್ದೋ? ಮೊದಲನೆಯದು ಜಾಸ್ತಿಯಾದರೆ ವೈವಿಧ್ಯ ಕಡಿಮೆ, ಎರಡನೆಯದರಲ್ಲಿ ಉಲ್ಟಾ.

ಹಾಳೆಯಲ್ಲಿ 'ಅತ್ತಿ', 'ಅತ್ತಿಮರ' ಅಂತ ಎರಡು ಥರ ಬರೆದರೆ ಕಂಪ್ಯೂಟರ್ ಎರಡು ಜಾತಿ ಅಂತಲೇ ಎಣಿಸುತ್ತದೆ, ದಯವಿಟ್ಟು ಒಂದೇ ಹೆಸರು ಇಡಿ. ಗುರುತು ಸಿಗದ ಮರಗಳನ್ನೆಲ್ಲ ಒಂದೇ ಸಾಲಿಗೆ ಸೇರಿಸಬೇಡಿ, ಎಲೆ, ತೊಗಟೆಯ ಫೋಟೋ ಇಲ್ಲಿ ಹಾಕಿ.